ಫೋನಿನಲ್ಲಿ ಕರೆದ ಮದುವೆ

ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನ ಪಕ್ಕ ಎಸ್‌ಟಿಡಿ ಬೂತು ಬಂದ ವರ್ಷವೇ ನನ್ನ ಮದುವೆ ಗೊತ್ತಾಯಿತು. ಅಪ್ಪ ತೀರಿಕೊಂಡಿದ್ದರಿಂದ ಅಣ್ಣನೇ ಯಜಮಾನ. ಆ ಬೂತು ಅವನ ನಾಲಿಗೆಯನ್ನೇ ಕೆಡಿಸಿತು ಎಂದು ಇವತ್ತಿಗೂ ಬೈಯುತ್ತೇನೆ. ಮೊದಲು ಯಾರೇ ಸಿಕ್ಕಲಿ, ಮಳೆ ಬೆಳೆ, ದನ ಕರು ಎಲ್ಲ ವಿಚಾರಿಸಿ ಆಮೇಲೆ ಬಂದ ಕೆಲಸ ಹೇಳುತ್ತಿದ್ದವನು, ಮೀಟರ್ ಓಡುತ್ತದೆಂಬ ಗಾಬರಿಗೆ “ಹಲೋ, ನಾನು, ಆಂ, ಆಯ್ತು, ಇಡ್ತೀನಿ” ಎನ್ನುವವನಾದ. ಕೊನೆಗೆ ಮನೆಯಲ್ಲೂ ಅದೇ. ಊಟಕ್ಕೆ ಕರೆದರೆ “ಆಂ, ಆಯ್ತು.”

ನಮ್ಮಲ್ಲಿ ಹೆಣ್ಣನ್ನು ಹಸೆಮಣೆಗೆ ಕರೆತರುವವನು ಸೋದರಮಾವ. ಅವನನ್ನು ಮನೆಗೇ ಹೋಗಿ, ಎಲೆ ಅಡಿಕೆ ಕೊಟ್ಟು ಕರೆಯಬೇಕು. ಮಾವನ ಊರು ನಾಗಮಂಗಲದ ಆಚೆ. ಅಣ್ಣ ಅಲ್ಲಿನ ಅಂಗಡಿಗೆ ಫೋನು ಮಾಡಿ, ಇಂಥ ದಿನ, ಕರಿಘಟ್ಟದ ಬೆಟ್ಟದ ಮೇಲಿನ ದೇವಸ್ಥಾನ ಅಂತ ಅಂಗಡಿಯವನಿಗೆ ಒದರಿ ಬಂದ.

“ಮಾವಂಗೇ ಯೋಳಿದ್ಯೇನ್ಲಾ?” ಅವ್ವ ಕೇಳಿದಳು.

“ಅಂಗಡಿಯೋನು ಯೋಳ್ತಾನೆ ಬುಡವ್ವ. ವಿಸ್ಯ ಮುಟ್ಟಿದ್ರೆ ಸಾಕಲ್ವಾ?”

ವಿಷಯ ಮುಟ್ಟಿಸುವುದಂತೆ! ಸಾವಿನ ಸುದ್ದಿಗೂ ಆಳು ಕಳಿಸುತ್ತಿದ್ದ ಜನ ನಾವು.

ಚಪ್ಪರದ ದಿನ ನೆಂಟರೆಲ್ಲ ಬಂದರು, ಮಾವ ಬರಲಿಲ್ಲ. ಅಣ್ಣ ಸೈಕಲ್ ಹತ್ತಿ ಮತ್ತೆ ಬೂತಿಗೆ ಓಡಿದ. ಈ ಸಲ ಅಂಗಡಿಯವನು ಮಾವನನ್ನೇ ಕರೆಸಿದನಂತೆ. ಮಾವ ಅಂದದ್ದು ಇಷ್ಟು: “ಅಂಗಡಿಯೋನು ಕರ್ದವ್ನೆ. ಅವನ ಮನೆ ಮದ್ವೆ ಆದ್ರೆ ಓಯ್ತೀನಿ. ನೀನು ಕರ್ದಿಲ್ವಲ್ಲ ಕಣ್ಲಾ.”

ಮಾವನ ಮೇಲೂ ಸಿಟ್ಟು ಬಂತು ನನಗೆ, ಅದಕ್ಕಿಂತ ಮೊದಲು ಅಳು ಬಂತು. “ಬರೋದಾದ್ರೆ ಬರ್ಲಿ” ಎಂದು ಅಣ್ಣ ಟವೆಲ್ ಕೊಡವಿದ. ಅವ್ವ ಮಡಿಲಲ್ಲಿ ಎಲೆ ಅಡಿಕೆ ಕಟ್ಟಿಕೊಂಡಳು. “ಅಳಬ್ಯಾಡ ಕಣವ್ವ, ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಕರ್ಕಬತ್ತೀನಿ” ಎಂದು ನನಗೆ ಹೇಳಿ, ಸಂಜೆಯ ಬಸ್ಸು ಹತ್ತಿದಳು.

ಆ ಮೊದಲನೇ ಬಸ್ಸು ಪಾಂಡವಪುರದ ಹತ್ತಿರ ಕೆಟ್ಟು ನಿಂತಿತ್ತು. ನಮಗೇನು ಗೊತ್ತು? ಮುಹೂರ್ತ ಮೀರುತ್ತದೆ ಎಂದು ಪುರೋಹಿತರು ಗದರಿದರು. “ನಡಿ, ನಡಿ” ಎಂದು ಅಣ್ಣ ತಾನೇ ನನ್ನನ್ನು ಹಸೆಗೆ ಎಳೆದೊಯ್ದ. ತಾಳಿ ಕಟ್ಟುವಾಗ ನಾನು ಗಂಡನ ಮುಖ ನೋಡಲಿಲ್ಲ, ಬಾಗಿಲನ್ನೇ ನೋಡುತ್ತಿದ್ದೆ.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಅವ್ವ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು. ಹಿಂದೆ ಮಾವ. ನನ್ನ ಕೊರಳು ನೋಡಿದವಳೇ ಅಲ್ಲೇ ನಿಂತುಬಿಟ್ಟಳು. ಅವಳಿಗೆ ಇದ್ದವಳು ಒಬ್ಬಳೇ ಮಗಳು.

ಅಣ್ಣ ಓಡಿ ಬಂದು ರೇಗಿದ: “ಪಾಂಡವಪುರದಿಂದ ಒಂದು ಫೋನ್ ಮಾಡ್ಸಕ್ಕೆ ಏನಾಗಿತ್ತವ್ವಾ ನಿಂಗೆ?”

ಆ ಬೆಟ್ಟದ ಮೇಲೆ ಫೋನು ಎಲ್ಲಿತ್ತು, ಅವನ ತಲೆ! ನಾನೇ ಎದ್ದು ಹೋಗಿ, ಧಾರೆ ಸೀರೆಯಲ್ಲೇ, ಗಂಡನ ಮನೆಯವರೆಲ್ಲ ನೋಡುತ್ತಿದ್ದಂತೆ ಅಣ್ಣನ ಕೆನ್ನೆಗೆ ಬಾರಿಸಿದೆ.