ಬೆಕ್ಕು ಉಣ್ಣಲಿಲ್ಲ, ಇವಳು ಉಂಡಳು

ಗಂಡ ಸತ್ತ ಮರುದಿನ ಅವಳು ತಟ್ಟೆಗೆ ಹಾಕಿಕೊಂಡು ಉಂಡಳು. ಬೆಕ್ಕು ಉಣ್ಣಲಿಲ್ಲ. ಬೀದಿಯ ಬಾಯಿಗೆ ಅಷ್ಟು ಸಾಕಾಯಿತು.

“ಮೂಕ ಪ್ರಾಣಿಗಿರೋ ಕರುಳು ನೋಡ್ರಿ,” ಎಂದು ಇಸ್ತ್ರಿಗೆ ಬಟ್ಟೆ ತಂದವರು ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ಹೇಳಿ ಅಲ್ಲಿಗೇ ನಿಲ್ಲಿಸುತ್ತಿದ್ದರು. ಅವರು ನುಂಗಿಕೊಂಡ ಮಾತು ಅವಳಿಗೆ ಕೇಳಿಸದೆ ಇರಲಿಲ್ಲ. ಬೆಕ್ಕು ಉಣ್ಣಲಿಲ್ಲ, ಇವಳು ಉಂಡಳು.

ಹೌದು, ಉಂಡಳು. ಖಾಲಿ ಹೊಟ್ಟೆಯಲ್ಲಿ ಇಸ್ತ್ರಿ ಪೆಟ್ಟಿಗೆ ಎತ್ತಿದರೆ ಕೈ ನಡುಗುತ್ತದೆ. ಕೈ ನಡುಗಿದರೆ ಬಟ್ಟೆ ಸುಡುತ್ತದೆ. ಸುಟ್ಟ ಅಂಗಿಯನ್ನು ಕಂಡು ಕರುಳು ಚುರುಕ್ಕೆನ್ನುವ ಗಿರಾಕಿ ಇನ್ನೂ ಹುಟ್ಟಿಲ್ಲ. ಇದನ್ನೆಲ್ಲ ಬಿಡಿಸಿ ಹೇಳುವ ಗೋಜಿಗೆ ಅವಳು ಹೋಗಲಿಲ್ಲ. ಕೇಳಿದವರಿಗೆ ಬಟ್ಟೆ ಮಡಿಸಿ ಕೊಟ್ಟಳು, ಅಷ್ಟೆ.

ಅಂಗಡಿ ಎಂದರೆ ಬೀದಿಗೆ ತೆರೆದುಕೊಂಡ ಒಂದು ಕೋಣೆ. ಅದರ ಹಿಂದೆ ವಾಸಕ್ಕೆ ಇನ್ನೊಂದು. ಮುಂದಿನ ಕೋಣೆಯ ತುಂಬ ಒಂದೇ ಉದ್ದನೆಯ ಮೇಜು, ಮೇಲೆ ಕಂಬಳಿ, ಅದರ ಮೇಲೆ ಬಿಳಿ ಬಟ್ಟೆ. ಬಾಗಿಲ ಕಡೆಯ ತುದಿ ಅವಳದು, ಗೋಡೆಯ ಕಡೆಯದು ಗಂಡನದು. ಅವನ ತುದಿಯಲ್ಲಿ ಅವನ ಪೆಟ್ಟಿಗೆ, ಅದನ್ನಿಡುವ ಅಗಲವಾದ ಕಬ್ಬಿಣದ ತಟ್ಟೆ, ತಲೆಯ ಮೇಲೆ ಕೋಟು ತೂಗುಹಾಕುವ ಸರಳು. ಅವನು ಹೋದ ಮೇಲೆ ಅವಳು ಆ ತುದಿಗೆ ಕಾಲಿಟ್ಟಿರಲಿಲ್ಲ. ಈಚೆಯಿಂದಲೇ ಬಟ್ಟೆಯ ಗಂಟುಗಳನ್ನು ಅತ್ತ ಎಸೆಯುತ್ತಿದ್ದಳು. ಗಂಟುಗಳು ಗುಡ್ಡೆಯಾಗಿ ಎಲ್ಲವನ್ನೂ ಮುಚ್ಚಿದ್ದವು. ಮುಚ್ಚಿರಲಿ ಎಂದೇ ಬಿಟ್ಟಿದ್ದಳು.

ಬೆಕ್ಕನ್ನು ಗಂಡ ಸಾಹೇಬ ಎಂದು ಕರೆಯುತ್ತಿದ್ದ. ಕಂದು ಬಣ್ಣ, ಅರ್ಧ ಕಿವಿ, ಬಾಯಲ್ಲಿ ಹಲ್ಲಿಲ್ಲ. ವಸಡು ಕೊಳೆತಿದೆ ಎಂದು ಪ್ರಾಣಿ ಡಾಕ್ಟರು ಎಲ್ಲವನ್ನೂ ಕಿತ್ತಿದ್ದರು. ಒಣಕಾಳು ಕೊಡಬೇಡಿ, ಮನೆಯ ಊಟ ಅದರ ಹೊಟ್ಟೆಗೆ ಆಗುವುದಿಲ್ಲ, ಡಬ್ಬಿಯಲ್ಲಿ ಬರುವ ಮೆತ್ತನೆಯ ಆಹಾರವನ್ನೇ ಹಾಕಿ ಎಂದಿದ್ದರು. ಅದೆಲ್ಲ ಗಂಡನ ಇಲಾಖೆ. ಬೆಳಗ್ಗೆ ಅವಳು ಮನೆಮನೆಗೆ ಹೋಗಿ ಬಟ್ಟೆ ತರುತ್ತಿದ್ದಳು, ಅವನು ಅಂಗಡಿಯಲ್ಲಿ ಬೆಕ್ಕಿಗೆ ಬಡಿಸುತ್ತಿದ್ದ. ಅವಳು ತಲೆಯ ಮೇಲಿನ ಗಂಟು ಇಳಿಸುವ ಹೊತ್ತಿಗೆ ಸಾಹೇಬ ಉಂಡು ಮೀಸೆ ನೆಕ್ಕಿಕೊಳ್ಳುತ್ತಿರುತ್ತಿದ್ದ.

ಈಗ ಆ ಇಲಾಖೆ ಅವಳ ತಲೆಗೆ ಬಂತು.

“ಇದ್ರಲ್ಲಿ ಅಗ್ಗದ್ದು ಯಾವುದಪ್ಪಾ?” ಎಂದು ಸಾಕುಪ್ರಾಣಿಗಳ ಅಂಗಡಿಯವನನ್ನು ಕೇಳಿದಳು.

“ಯಾವ ಜಾತಿ ಬೆಕ್ಕು ಅಕ್ಕಾ?”

“ಬೀದಿ ಜಾತಿ. ಹಲ್ಲಿಲ್ಲ, ಕೊಬ್ಬಿದೆ.”

ಅವನಿಗೆ ಗುರುತು ಸಿಕ್ಕಿತು. ಮುಖ ಸಣ್ಣದು ಮಾಡಿಕೊಂಡು, “ಯಜಮಾನ್ರು ಯಾವಾಗ್ಲೂ ಈ ದೊಡ್ಡ ಡಬ್ಬಿನೇ ಒಯ್ತಿದ್ರು. ತೂಕದ ಲೆಕ್ಕದಲ್ಲಿ ಇದಕ್ಕಿಂತ ಅಗ್ಗ ನನ್ನ ಹತ್ರ ಇಲ್ಲ,” ಎಂದ. ಮೇಲೆ ಮೀನಿನ ಚಿತ್ರವಿತ್ತು. ಅವಳು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದಳು. ಪಕ್ಕದ ಎರಡು ಡಬ್ಬಿಗಳನ್ನೂ ಕುಲುಕಿ, ಗುಳುಗುಳು ಎಂದವನ್ನು ವಾಪಸ್ ಇಟ್ಟಳು.

“ನೀರಿಗೆ ದುಡ್ಡು ಕೊಡಲ್ಲ ನಾನು.”

ಆ ದಿನ ಸಾಹೇಬ ಉಂಡ. ಅವಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಉಳಿದದ್ದಕ್ಕೆ ತಟ್ಟೆ ಮುಚ್ಚಿ, ಗಂಡ ಇಡುತ್ತಿದ್ದ ಹಾಗೆಯೇ ಫ್ರಿಜ್ಜಿನಲ್ಲಿಟ್ಟಳು. ಮರುದಿನ ಅದೇ ಡಬ್ಬಿಯಿಂದ ಬಡಿಸಿದಳು. ಸಾಹೇಬ ಮೂಸಿದ, ಮುಂಗಾಲಿನಿಂದ ನೆಲ ಕೆರೆದ, ಹೊಲಸು ಮುಚ್ಚುವವನ ಹಾಗೆ. ಬೆನ್ನು ತಿರುಗಿಸಿ ಹೋಗಿ ಬೀರುವಿನ ಮೇಲೆ ಕೂತ.

“ನಿನ್ನೆ ಹಸಿವಿಗೆ ತಿಂದಿರತ್ತೆ. ಇವತ್ತು ನೆನಪು ಬಂದಿರತ್ತೆ, ಪಾಪ,” ಎಂದರು ಬಾಗಿಲಲ್ಲಿ ನಿಂತವರು.

ಅವಳು ಕೋಳಿಯ ಚಿತ್ರದ ಡಬ್ಬಿ ತಂದಳು. ಮೊದಲ ದಿನ ಉಂಡ, ಎರಡನೆಯ ದಿನ ನೆಲ ಕೆರೆದ. ಬೇರೆ ಕಂಪನಿಯದು ತಂದಳು, ಅದಕ್ಕೂ ಅದೇ ಗತಿ. ಉಳಿದದ್ದನ್ನೆಲ್ಲ ಬೀದಿನಾಯಿಗಳಿಗೆ ಹಾಕಿದಳು. ನಾಯಿಗಳು ಮೈಕೈ ತುಂಬಿಕೊಂಡವು, ಸಾಹೇಬನ ಬೆನ್ನುಮೂಳೆ ಎಣಿಸುವ ಹಾಗಾಯಿತು.

ಕೊನೆಗೆ ಅಂಗಡಿಯವನು ಅಂಗೈ ಅಗಲದ ಒಂದು ಪ್ಯಾಕೆಟ್ ಕೊಟ್ಟ. “ಇದು ಒಂದೇ ಹೊತ್ತಿಂದು ಅಕ್ಕಾ. ಬೆಲೆ ಜಾಸ್ತಿ. ಆದ್ರೆ ತಿನ್ನದೆ ಇರೋ ಬೆಕ್ಕೇ ಇಲ್ಲ.” ಸಾಹೇಬ ಅದನ್ನು ಉಂಡು, ಬಟ್ಟಲನ್ನು ಮೂಲೆಯವರೆಗೆ ನೂಕಿಕೊಂಡು ಹೋಗಿ ನೆಕ್ಕಿದ. ಮರುದಿನವೂ ಪ್ಯಾಕೆಟ್ ತಂದಳು, ಮರುದಿನವೂ ಉಂಡ. ಒಂದು ಹೊತ್ತಿನ ಊಟಕ್ಕೆ ಮೂರು ಅಂಗಿ ಇಸ್ತ್ರಿ ಮಾಡಬೇಕಿತ್ತು.

“ಅವರ ಕೈಲಿ ಅಗ್ಗದ್ದು ರುಚಿಯಾಗಿತ್ತು, ನನ್ನ ಕೈಲಿ ಮಾತ್ರ ದೊಡ್ಡಸ್ತಿಕೆ, ಅಲ್ವೇನೋ?” ಎಂದು ಅವಳು ಬೀರುವಿನತ್ತ ನೋಡಿ ಕೇಳಿದಳು. ಸಾಹೇಬ ಕಣ್ಣು ಮುಚ್ಚಿಕೊಂಡ.

ಆ ವಾರವೇ ಗಂಡನ ಅಕ್ಕ ಬಂದಳು. ಯಾವುದೋ ಆಫೀಸಿನಲ್ಲಿ ಕಸ ಗುಡಿಸಿ, ಕಾಫಿ ಕೊಡುವ ಕೆಲಸ ಅವಳದು. ತಮ್ಮನನ್ನು ಎತ್ತಿ ಆಡಿಸಿದವಳು. ಬಂದವಳೇ ಬೆಕ್ಕನ್ನು ನೋಡಿ ಅತ್ತಳು.

“ನನ್ನ ತಮ್ಮನ ಕೊರಗಲ್ಲಿ ಸೊರಗ್ತಾ ಇದೆ ಕಣೇ ಇದು. ನಿನ್ನ ಕೈಲಿ ಆಗಲ್ಲ. ನಮ್ಮ ಆಫೀಸಿನ ಮೇಡಂಗೆ ಬೆಕ್ಕಂದ್ರೆ ಪ್ರಾಣ. ನೀನು ತರೋ ಆ ಪ್ಯಾಕೆಟ್ಟೇ ಮೂರು ಹೊತ್ತೂ ಹಾಕ್ತಾರೆ.”

“ನಾನೂ ಹಾಕ್ತೀನಿ.”

“ಎಲ್ಲಿಂದ ಹಾಕ್ತೀಯ? ಇಬ್ರು ಮಾಡೋ ಕೆಲಸ ಒಬ್ಳೇ ಮಾಡ್ತಾ ಇದೀಯ. ಹಟ ಮಾಡಿ ಅದನ್ನೂ ಸಾಯಿಸ್ತೀಯಾ?”

ಆ “ಅದನ್ನೂ” ಎಂಬ ಮಾತು ನೆಟ್ಟಗೆ ಹೋಗಿ ತಾಕಿತು. ಅಕ್ಕನಿಗೂ ಅದು ಗೊತ್ತಾಯಿತು. ಸೆರಗಿನಿಂದ ಮೂಗೊರೆಸಿಕೊಂಡು ದನಿ ಇಳಿಸಿದಳು. “ಭಾನುವಾರದವರೆಗೆ ನೋಡು. ನಿನ್ನ ಕೈಗೆಟುಕೋದನ್ನ ಅದು ತಿಂದ್ರೆ ಸರಿ. ತಿನ್ಲಿಲ್ಲ ಅಂದ್ರೆ ಬುಟ್ಟಿ ತರ್ತೀನಿ.”

“ತನ್ನಿ. ಖಾಲಿ ಬುಟ್ಟಿನೇ ವಾಪಸ್ ಒಯ್ತೀರಿ.”

ಹಾಗೆಂದು ಬೆಕ್ಕನ್ನು ತನ್ನತ್ತ ಎಳೆದುಕೊಂಡಳು. ಆ ಮನೆಯಲ್ಲಿ ಗಂಡನ ಧ್ವನಿಗೆ ಕಿವಿ ನಿಮಿರಿಸಿದ್ದ ಜೀವ ಅದೊಂದೇ ಉಳಿದಿತ್ತು, ಅವಳನ್ನು ಬಿಟ್ಟರೆ.

ಶನಿವಾರ ಮಧ್ಯಾಹ್ನ ವಕೀಲರು ಕಪ್ಪು ಕೋಟು ತೆಗೆದುಕೊಂಡು ಹೋಗಲು ಬಂದರು. ಹಳೇ ಗಿರಾಕಿ. ಕೋಟನ್ನು ಮುಖದ ಹತ್ತಿರ ಹಿಡಿದು ಮೂಸಿದರು.

“ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಮ್ಮ. ಈಗ ಮೀನಿನ ವಾಸನೆ ಬರ್ತಿಲ್ಲ.”

ಅವಳ ಪಿತ್ತ ನೆತ್ತಿಗೇರಿತು. ಈ ಜಗಳ ಹಳೆಯದು. ಕೋಟು ಮೀನು ನಾರುತ್ತದೆ ಎಂದು ವಕೀಲರು ಹಿಂದೊಮ್ಮೆ ದೂರಿದ್ದರು. ಅವಳು ಗಂಡನನ್ನು ತರಾಟೆಗೆ ತೆಗೆದುಕೊಂಡಾಗ ಅವನು, “ವಕೀಲರೇ ಮೀನು ತಿಂದು ಕೋಟಿಗೆ ಕೈ ಒರೆಸ್ಕೊಂಡಿರ್ತಾರೆ ಕಣೇ,” ಎಂದಿದ್ದ. ಅವಳು ಅದನ್ನು ನಂಬಿ, ಅದೇ ಮಾತನ್ನು ವಕೀಲರ ಮುಖಕ್ಕೆ ಹೊಡೆದಂತೆ ಹೇಳಿದ್ದಳು. ಅಂದಿನಿಂದ ಅವರು ತುಟಿ ಪಿಟಕ್ಕೆಂದಿರಲಿಲ್ಲ.

“ಸತ್ತವರ ಮೇಲೆ ಹೊರಿಸ್ತೀರಾ ಸಾರ್? ನಮ್ಮ ಮನೇಲಿ ಮೀನೇ ತರಲ್ಲ.”

“ಹೊರಿಸ್ತಿಲ್ಲಮ್ಮ. ನಾನೂ ಮೀನು ತಿನ್ನಲ್ಲ. ಅದಕ್ಕೇ ಹೇಳಿದೆ.” ಅವರು ಕೋಟು ತೋಳಿಗೆ ಹಾಕಿಕೊಂಡು ಹೊರಟರು.

ಅವಳು ಪೆಟ್ಟಿಗೆ ಹಿಡಿದವಳು ಹಿಡಿದ ಹಾಗೇ ನಿಂತಳು. ವಕೀಲರು ಮೀನು ತಿನ್ನುವುದಿಲ್ಲ. ಈ ಮನೆಗೂ ಮೀನು ತರುವುದಿಲ್ಲ. ಈ ಕೋಣೆಯಲ್ಲಿ ಮೀನು ತಿನ್ನುವವನು ಒಬ್ಬನೇ, ಬೀರುವಿನ ಮೇಲೆ ಕೂತವನು. ಅವನು ಉಂಡದ್ದರ ವಾಸನೆ ಕೋಟಿಗೆ ಹೇಗೆ ಹತ್ತಿತು?

ಕೋಟು ತೂಗುತ್ತಿದ್ದ ಜಾಗಕ್ಕೆ ಅವಳ ಕಣ್ಣು ಹೋಯಿತು. ಗಂಡನ ತುದಿ. ಪೆಟ್ಟಿಗೆ ಇಳಿಸಿ, ಸ್ವಿಚ್ ಆರಿಸಿ, ಮೇಜು ಸುತ್ತಿಕೊಂಡು ಅತ್ತ ಹೋದಳು. ಗಂಟುಗಳನ್ನು ಒಂದೊಂದಾಗಿ ಎತ್ತಿ ಕೆಳಗೆ ಹಾಕಿದಳು. ವೈರು ಸುತ್ತಿದ ಅವನ ಪೆಟ್ಟಿಗೆ ಕಂಡಿತು. ಅದರ ಪಕ್ಕದಲ್ಲಿ, ಕಬ್ಬಿಣದ ತಟ್ಟೆಯ ಮೇಲೆ, ತುಕ್ಕಿನ ಒಂದು ಉಂಗುರ.

ಫ್ರಿಜ್ಜಿನಲ್ಲಿ ಮೀನಿನ ಡಬ್ಬಿಯಿತ್ತು. ಕೊನೆಯದೊಂದು ಸಲ ನೋಡೋಣವೆಂದು ಬೆಳಗ್ಗೆ ತಂದು ತೆರೆದದ್ದು. ತಂದು ಆ ಉಂಗುರದ ಮೇಲಿಟ್ಟಳು. ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತು. ಡಬ್ಬಿ ಕೈಗೆ ಮಂಜಿನಂತೆ ತಣ್ಣಗಿತ್ತು.

ಗಂಡನ ಪೆಟ್ಟಿಗೆಯ ವೈರು ಬಿಡಿಸಿದಳು. ಬೆರಳು ಸ್ವಿಚ್ಚಿನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಒತ್ತಿದಳು.

ಪೆಟ್ಟಿಗೆ ಕಾಯಿತು, ತಟ್ಟೆ ಕಾಯಿತು. ಡಬ್ಬಿಯೊಳಗೆ ಗಟ್ಟಿಕಟ್ಟಿದ್ದ ಕೊಬ್ಬು ಕರಗಿ ಮಿನುಗಿತು. ಹಬೆಯಲ್ಲ, ಬರೀ ಬೆಚ್ಚಗೆ ಒಂದು ವಾಸನೆ ಎದ್ದು ನೆಟ್ಟಗೆ ಮೇಲಿನ ಸರಳಿಗೆ ಹೋಯಿತು. ವಕೀಲರ ಕೋಟು ನೇತಾಡುತ್ತಿದ್ದ ಸರಳಿಗೆ.

ಧೊಪ್ಪೆಂದು ಸದ್ದಾಯಿತು. ಬೀರುವಿನಿಂದ ಸಾಹೇಬ ಕೆಳಗಿಳಿದಿದ್ದ. ಅವಳ ಕಾಲಿಗೆ ತಲೆ ಉಜ್ಜಿ, ಹಲ್ಲಿಲ್ಲದ ಬಾಯಿ ತೆರೆದು ಒಂದೇ ಸಮನೆ ಬೈದ.

ಅವಳು ಬೆರಳದ್ದಿ ಬಿಸಿ ನೋಡಿ ಬಟ್ಟಲಿಗೆ ಸುರಿದಳು. ಸಾಹೇಬ ತಲೆ ಎತ್ತದೆ ಉಂಡ. ಅಗ್ಗದ ಡಬ್ಬಿ. ಒಮ್ಮೆ ಫ್ರಿಜ್ಜಿಗೆ ಹೋಗಿ ಬಂದದ್ದು.

“ಸುಳ್ಳುಗಾರ!” ಎಂದು ಅವಳು ಖಾಲಿ ಜಾಗಕ್ಕೆ ಕೂಗಿದಳು. “ವಕೀಲರ ಮರ್ಯಾದೆ ತೆಗೆಸಿದ್ಯಲ್ಲೋ ನನ್ನ ಬಾಯಲ್ಲಿ!”

ಗಂಡ ಬದುಕಿದ್ದಾಗ ಒಮ್ಮೆಯೂ ಅವನನ್ನು ಏಕವಚನದಲ್ಲಿ ಕರೆದವಳಲ್ಲ. ಹಾಗೆ ಕರೆದ ಮೇಲೆ ಅಳು ಬಂತು. ಅವನು ಹೋದ ಮೇಲೆ ಮೊದಲ ಸಲ, ಅವನ ಪೆಟ್ಟಿಗೆಯ ಕಾವು ಮುಖಕ್ಕೆ ಬಡಿಯುತ್ತಿರಲು, ಮೇಜಿಗೆ ಎರಡೂ ಕೈ ಊರಿ ಅತ್ತಳು. ಬೆಕ್ಕು ಉಣ್ಣುತ್ತಲೇ ಇತ್ತು. ಅತ್ತಾದ ಮೇಲೆ, ಅವನ ಕಾಲದಿಂದಲೂ ಆ ಸರಳಿನಲ್ಲೇ ಉಳಿದಿದ್ದ ಬಟ್ಟೆಗಳನ್ನೆಲ್ಲ ಇನ್ನು ಮೀನು ನಾರದಿರಲೆಂದು ತೆಗೆದು ಬಾಗಿಲ ಕಡೆಯ ಮೊಳೆಗೆ ಹಾಕಿದಳು. ಸತ್ತವರ ಮಾನ ಕಾಯಲು ಅಷ್ಟು ಸಾಕು.

ಭಾನುವಾರ ಅಕ್ಕ ಬುಟ್ಟಿ ಹಿಡಿದು ಬಂದಳು. ಒಳಗೆ ಹಳೇ ಟವೆಲ್ ಹಾಸಿದ್ದಳು. ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು.

“ಏನೇ ಇದು ಗಬ್ಬು?”

“ಸಾಹೇಬನ ಊಟ. ನಿಮ್ಮ ತಮ್ಮ ಕದ್ದುಮುಚ್ಚಿ ಬಿಸಿ ಮಾಡ್ತಿದ್ರು. ನಾನು ಬಾಗಿಲು ತೆಗೆದೇ ಮಾಡ್ತೀನಿ.”

ಎಲ್ಲವನ್ನೂ ಹೇಳಿದಳು. ಕೋಟಿನ ಕಥೆ ಬಂದಾಗ ಅಕ್ಕ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ಏನೋ ಕಳೆದುಕೊಂಡವಳ ಹಾಗೆ ಕೇಳಿದಳು:

“ಹಾಗಾದ್ರೆ ಅದಕ್ಕೆ ನನ್ನ ತಮ್ಮ ಹೋದ ದುಃಖ ಇರ್ಲಿಲ್ವೇನೇ?”

“ಇರಬಹುದು, ನಾನೇನು ಕಂಡೆ? ದುಃಖ ಇದ್ರೂ ಹೊಟ್ಟೆ ಇರತ್ತಕ್ಕಾ. ನಂಗಿಲ್ವಾ?”

ಎದುರುಮನೆಯ ಜಗಲಿಯಿಂದ ಇಬ್ಬರು ಇತ್ತಲೇ ನೋಡುತ್ತಿದ್ದರು. ಅವಳು ಒಳಗೆ ಹೋಗಿ ಸಾಹೇಬನ ಬಟ್ಟಲನ್ನು ತಂದು ಹೊಸ್ತಿಲ ಹೊರಗೆ, ಬೀದಿಗೆ ಕಾಣುವ ಹಾಗೆ ಇಟ್ಟಳು. ಮತ್ತೆ ಹೋಗಿ ತನ್ನ ತಟ್ಟೆಯನ್ನೂ ತಂದಳು. ಅದರ ಪಕ್ಕದಲ್ಲೇ ಕೂತು, ಎದುರುಮನೆಯವರ ಕಣ್ಣಲ್ಲಿ ಕಣ್ಣಿಟ್ಟು, ದೊಡ್ಡ ದೊಡ್ಡ ತುತ್ತು ಉಂಡಳು. ಜಗಲಿಯವರು ಒಳಗೆ ಹೋದರು.

ಊಟ ಮುಗಿಸಿದ ಸಾಹೇಬ ಬುಟ್ಟಿಯನ್ನು ಒಂದು ಸುತ್ತು ಮೂಸಿದ. ಒಳಗೆ ಹತ್ತಿ, ಟವೆಲ್ಲನ್ನು ಕಾಲಿನಿಂದ ಹದಮಾಡಿಕೊಂಡು ಮಲಗಿದ.

“ನೋಡು, ಬರ್ತೀನಿ ಅಂತಿದಾನೆ,” ಎಂದಳು ಅಕ್ಕ.

“ಮಲಗ್ಲಿ. ಬುಟ್ಟಿ ಬಿಟ್ಟು ಹೋಗಿ.”