ಪುಷ್ಪಾ ಇಂಗಿಸಿದ ಉಪ್ಪು

ಮೈಸೂರಿನಲ್ಲಿ ಭೂವಿಜ್ಞಾನ ಎಂ.ಎಸ್ಸಿ. ಮುಗಿಸಿದ್ದ ಪುಷ್ಪಾ ಬೆಳಗೋಡಿನ ಹತ್ತಿರದ ಕಾಫಿ ಬೆಳೆಗಾರರ ಮನೆಗೆ ಸೊಸೆಯಾಗಿ ಬಂದದ್ದು ೧೯೯೮ರಲ್ಲಿ. ಓದಿದ್ದೆಲ್ಲ ಇನ್ನು ಅಟ್ಟ ಸೇರಿತು ಎಂದೇ ಅಂದುಕೊಂಡಿದ್ದಳು.

ಮುಂದಿನ ಕೊಯ್ಲಿಗೆಂದು ಮಾವ ವೀರಭದ್ರಯ್ಯ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಹೊಸ ಪಲ್ಪರ್ ಯಂತ್ರ ಕೊಂಡರು. ಹಣ್ಣು ಸುಲಿದ ಕೊಳೆನೀರು ನಿಲ್ಲಿಸಲು ಮನೆಯ ಹಿಂದಿನ ಇಳಿಜಾರಿನಲ್ಲಿ ಗುಂಡಿಗೆ ಗುರುತು ಹಾಕಿಸಿದರು.

"ಅಲ್ಲಿ ಬೇಡ ಮಾವ. ಆ ನೀರು ಇಂಗಿ ನಮ್ಮ ಬಾವಿಗೇ ಬರಬಹುದು" ಎಂದಳು ಪುಷ್ಪಾ.

ವೀರಭದ್ರಯ್ಯ ನಕ್ಕರು. "ಬಾವಿ ಮೇಲೈತೆ, ಗುಂಡಿ ಕೆಳಗೈತೆ. ನೀರು ಏಣಿ ಹತ್ತುತ್ತೇನವ್ವ?"

"ಕಾಫಿ ಹೂವಿಗೆ ನೀರು ಹಾಯಿಸೋವಾಗ ಪಂಪು ಬಾವಿ ನೀರನ್ನ ತಳದವರೆಗೂ ಇಳಿಸುತ್ತಲ್ಲ, ಆಗ ಸುತ್ತಲಿನ ನೀರೆಲ್ಲ ಅಲ್ಲಿಗೇ ಓಡುತ್ತೆ. ಗುಂಡಿ ತೋಡೋ ಮುಂಚೆ ನೋಡಿಬಿಡೋಣ."

ಅತ್ತೆ ಗುರುಶಾಂತಮ್ಮ ಸೆರಗು ಸಿಕ್ಕಿಸಿ ಹಗ್ಗ ಹಿಡಿಯಲು ಬಂದರು. ತಮ್ಮದು, ಪಕ್ಕದವರದು, ಕೆಲಸದವರ ಲೈನ್ ಮನೆಗಳದು, ಹೀಗೆ ಮೂರು ಬಾವಿಗಳ ನೀರಿನ ಮಟ್ಟ ಅಳೆದರು. ಪುಷ್ಪಾ ಇಡೀ ಇಳಿಜಾರನ್ನು ಗ್ರಾಫ್ ಹಾಳೆಯ ಚೌಕಗಳಾಗಿ ಬರೆದು, ಒಂದು ಚೌಕದಿಂದ ಇನ್ನೊಂದಕ್ಕೆ ನೀರು ಎಷ್ಟು ಬೇಗ ದಾಟೀತು, ಕರಗಿದ ಕೊಳೆ ಎಷ್ಟು ಹರಡೀತು ಎಂದು ಲೆಕ್ಕ ಹಾಕಿದಳು. ಹಾಸನದ ಕಾಲೇಜಿನಲ್ಲಿದ್ದ ಗೆಳತಿಯ ಕಂಪ್ಯೂಟರ್ ಆ ಲೆಕ್ಕ ಓಡಿಸಿ, ಗುರುತು ಹಾಕಿದ ಜಾಗದಲ್ಲಿ ಕೊಳೆಯ ಬದಲು ಪರೀಕ್ಷೆಗೆಂದು ಉಪ್ಪು ಇಂಗಿಸಿದರೆ ಯುಗಾದಿಯ ಹೊತ್ತಿಗೆ ಬಾವಿಯಲ್ಲಿ ಕಂಡೀತು ಎಂದಿತು. ಸಂಕ್ರಾಂತಿ ಕಳೆದ ಮೇಲೆ ಅಲ್ಲಿ ಉಪ್ಪುನೀರು ಸುರಿದರು. ನೀರಿನಲ್ಲಿ ಉಪ್ಪು ಹೆಚ್ಚಿದರೆ ಮುಳ್ಳು ಏರುವ ಮೀಟರನ್ನು ಆ ಗೆಳತಿಯೇ ಕೊಟ್ಟಿದ್ದಳು. ಹೂವಿಗೆ ಪಂಪು ಓಡತೊಡಗಿತು. ದಿನಾ ಮೀಟರ್ ನೋಡುವ ಕೆಲಸ ಗುರುಶಾಂತಮ್ಮನದಾಯಿತು.

ಶಿವರಾತ್ರಿ ಕಳೆದು ಕೆಲವೇ ದಿನ. ಬಾವಿಕಟ್ಟೆಯಿಂದ ಅವರ ಕೂಗು ಕೇಳಿತು.

"ಬಂತು ಕಣೇ ಪುಷ್ಪಾ! ಮುಳ್ಳು ಎದ್ದೈತೆ! ಏನ್ರೀ, ಬನ್ರೀ ಇಲ್ಲಿ, ನಿಮ್ಮ ನೀರು ಏಣಿ ಹತ್ಬುಟ್ಟೈತೆ!"

ರೊಟ್ಟಿ ತಟ್ಟುತ್ತಿದ್ದ ಹಿಟ್ಟಿನ ಕೈಯಲ್ಲೇ ಪುಷ್ಪಾ ಓಡಿ ಬಂದಳು. ಮುಳ್ಳು ನೋಡಿ ಕುಣಿದಾಡಿದಳು. "ನನ್ನ ಲೆಕ್ಕ ತಪ್ಪೋಯ್ತು ಅತ್ತೆ! ಇಷ್ಟು ಬೇಗ ಬರಬಾರದಿತ್ತು!"

"ತಪ್ಪಿದ್ದಕ್ಕೂ ಇಷ್ಟು ಖುಷಿಯೇನೇ?"

"ಒಳಗೆ ಬಂಡೆ ಎಲ್ಲೋ ಬಿರುಕು ಬಿಟ್ಟಿದೆ, ನೀರು ಅದರಲ್ಲೇ ಬೇಗ ನುಗ್ಗಿದೆ. ಈಗ ಗೊತ್ತಾಯ್ತಲ್ಲ!"

ಬಿರುಕನ್ನೂ ಸೇರಿಸಿ ಮತ್ತೆ ಲೆಕ್ಕ ಹಾಕಿದಳು. ಮುಳ್ಳು ನಿಧಾನವಾಗಿ ಏರಿ, ಮಳೆ ಹಿಡಿಯುವ ಹೊತ್ತಿಗೆ ಇಳಿಯಿತು. ಹೆಚ್ಚುಕಡಿಮೆ ಹೊಸ ಲೆಕ್ಕದಂತೆ ಅವಳು ಗ್ರಾಫ್ ಹಾಳೆಯಲ್ಲಿ ಬರೆದ ಗೆರೆಯಂತೆಯೇ. ವೀರಭದ್ರಯ್ಯ ತಾವೇ ನಿಂತು, ಬಾವಿಗಳಿಂದ ದೂರದಲ್ಲಿ ಸಿಮೆಂಟಿನ ಗುಂಡಿ ಕಟ್ಟಿಸಿದರು. ಬೆಳಗೋಡಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಸೊಸೆಯ ಸುದ್ದಿ ಹೇಳಿದರು.

ಆಮೇಲೆ ದೋಣಿಗಲ್ಲಿನಿಂದ ಪಾಳ್ಯದವರೆಗೂ ಗುಂಡಿಗೆ ಜಾಗ ನೋಡಲು ಕರೆ ಬರತೊಡಗಿತು. ಅತ್ತೆ ಸೊಸೆ ಮೊಪೆಡ್ ಏರಿ ಹೊರಡುತ್ತಿದ್ದರು. ಹೋದ ಮನೆಯಲ್ಲೆಲ್ಲ ಗುರುಶಾಂತಮ್ಮನೇ ಮೊದಲು ಬಾಯಿ ತೆರೆಯುತ್ತಿದ್ದರು: "ಮೊದ್ಲು ಬಾವಿ ತೋರ್ಸಿ ಕಣ್ರೀ. ಕಾಫಿ ಆಮ್ಯಾಕೆ ಕುಡಿಯಾನ."