ಹಂಚಿ ತಿನ್ನುವ ಗುಳಿಗೆ

ರೋಗಿಗಳ ಧಾರಾಳತನ ಕಂಡರೆ ನರ್ಸಾದ ನನಗೆ ತಲೆ ಕೆಡುತ್ತದೆ. ಗಂಗಾವತಿಯ ನಮ್ಮ ವಾರ್ಡಿನಲ್ಲಿ, ಕುಷ್ಟಗಿಯ ಲಾರಿ ಡ್ರೈವರ್ ಒಬ್ಬನ ಕಾಲಿನ ಹೊಲಿಗೆಗೆ ಆಸ್ಪತ್ರೆಯಲ್ಲೇ ಸೋಂಕು ಹತ್ತಿತ್ತು. ಕೊಟ್ಟ ಆ್ಯಂಟಿಬಯಾಟಿಕ್ ಒಂದೂ ನಾಟುತ್ತಿರಲಿಲ್ಲ. ಪಕ್ಕದ ಮಂಚದ ಸಿದ್ದಾಪುರದ ಅಜ್ಜಿ ಮನೆಗೆ ಹೊರಟವಳು, ಉಳಿದ ರೊಟ್ಟಿಯ ಜೊತೆ ತನ್ನ ಗುಳಿಗೆಗಳನ್ನೂ ಅವನ ಕೈಗಿಟ್ಟಳು.

“ಅಜ್ಜೀ, ಆ ಗುಳಿಗಿ ನೀನ ಪೂರಾ ನುಂಗಬೇಕು!” ಎಂದೆ.

“ನನಗ ಆರಾಮಾಗೈತ್ರಿ ಅಕ್ಕಾರ. ಪಾಪ, ಈ ತಮ್ಮಗ ಯಾವ ಔಷಧಾನೂ ಹತ್ತವಲ್ದು.”

“ನೀವೆಲ್ಲಾ ಹಿಂಗ ಅರ್ಧಕ್ಕ ಬಿಟ್ಟು, ಹಂಚಿ ತಿಂದ್ರ ಹೆಂಗ ಹತ್ತತೈತಿ? ರೋಗದ ಹುಳ ಔಷಧಕ್ಕ ಪಳಗಿಬಿಟ್ಟಾವ!”

ಕೂಗಿದ ರಭಸಕ್ಕೆ ನನಗೇ ಕೆಮ್ಮು ಒತ್ತಿ ಬಂತು.

ಅಜ್ಜಿ ಮರುಗಿ, ಡ್ರೈವರನ ಕೈಯಿಂದ ಎರಡು ಗುಳಿಗೆ ವಾಪಸ್ ತೆಗೆದು ನನ್ನ ಅಂಗೈಯಲ್ಲಿಟ್ಟಳು. “ತಗೊಳ್ರಿ, ನಿಮಗೂ ಇರ್ಲಿ.”